ಆಫೀಸಿಗೆ ಎಸಿ ಕಾಂಟ್ರಾಕ್ಟರ್ ಹುಡುಕುತ್ತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹೊಸ ಆಫೀಸ್ ಮಾಡುವವರು ಟೇಬಲ್, ಕುರ್ಚಿ, ಗೋಡೆ ಬಣ್ಣಕ್ಕೆ ವಾರಗಟ್ಟಲೆ ಕೂತು ಮಾತಾಡುತ್ತಾರೆ. ಎಸಿ ವಿಷಯ ಬಂದಾಗ ಮಾತ್ರ ಮೂರು ಕೊಟೇಶನ್ ತರಿಸಿ, ಕಮ್ಮಿ ಇರುವುದಕ್ಕೆ ಸಹಿ ಹಾಕಿಬಿಡುತ್ತಾರೆ. ಆಮೇಲೆ ಹತ್ತು ವರ್ಷ ಕರೆಂಟ್ ಬಿಲ್ಲು, ನೀರು ತೊಟ್ಟಿಕ್ಕುವ ಸೀಲಿಂಗು, ಗ್ಯಾಸ್ ಲೀಕು ಅಂತ ಅನುಭವಿಸುವವರೂ ಅವರೇ. ಇಲ್ಲಿ ಬರೆದಿರುವುದು ಹೆಚ್ಚಾಗಿ 3,000ದಿಂದ 20,000 ಚದರ ಅಡಿಯ ಆಫೀಸುಗಳಿಗೆ. ದೊಡ್ಡ ಟೆಕ್ ಪಾರ್ಕಿನಲ್ಲಿ ಜಾಗ ತೆಗೆದುಕೊಂಡವರಿಗೂ ಒಂದಿಷ್ಟು ಇದೆ.

ನಮ್ಮದು 6,000 ಚದರ ಅಡಿ ಆಫೀಸು. ಎಷ್ಟು ಟನ್ ಬೇಕು?

ಫೋನಿನಲ್ಲೇ "ಸಾರ್, ನಿಮಗೆ 35 ಟನ್ ಬೇಕು" ಅಂತ ಹೇಳುವವರನ್ನು ಅಲ್ಲಿಗೇ ಬಿಟ್ಟುಬಿಡಿ. 150 ಚದರ ಅಡಿಗೆ ಒಂದು ಟನ್, 200 ಚದರ ಅಡಿಗೆ ಒಂದು ಟನ್ ಅಂತ ಬಾಯಿಲೆಕ್ಕ ಓಡಾಡುತ್ತಿರುತ್ತದೆ. ಅದು ಬಜೆಟ್ ಅಂದಾಜಿಗೆ ಸರಿ. ಆರ್ಡರ್ ಕೊಡುವುದಕ್ಕೆ ಸಾಲದು.

ಬೇಕಾಗಿರುವುದು ಹೀಟ್ ಲೋಡ್ ಲೆಕ್ಕ. ಅಂದರೆ ಆ ಜಾಗಕ್ಕೆ ಎಲ್ಲೆಲ್ಲಿಂದ ಎಷ್ಟು ಶಾಖ ಬರುತ್ತದೆ ಅಂತ ಕೋಣೆವಾರು ಲೆಕ್ಕ. ಪಶ್ಚಿಮಕ್ಕೆ ದೊಡ್ಡ ಗಾಜು ಇದೆಯಾ? ಮೇಲೆ ಬಿಸಿಲು ಬೀಳುವ ತಾರಸಿನಾ, ಇನ್ನೊಂದು ಎಸಿ ಫ್ಲೋರಾ? ಎಷ್ಟು ಜನ ಕೂರುತ್ತಾರೆ? ಕೂತು ಕೆಲಸ ಮಾಡುವ ಒಬ್ಬ ಮನುಷ್ಯ ಸುಮಾರು 130 ವ್ಯಾಟ್ ಶಾಖ ಬಿಡುತ್ತಾನೆ. 60 ಜನ ಇದ್ದರೆ 7.8 ಕಿಲೋವ್ಯಾಟ್, ಅಂದರೆ ಬರೀ ಜನಕ್ಕೇ ಎರಡು ಟನ್ನಿಗಿಂತ ಜಾಸ್ತಿ. (ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು ಶಾಖ ತೆಗೆಯುವ ಶಕ್ತಿ, ಕಿಲೋವ್ಯಾಟಿನಲ್ಲಿ 3.517.) ಇದರ ಮೇಲೆ ಲೈಟು, ಲ್ಯಾಪ್‌ಟಾಪು, ಪ್ರಿಂಟರು, ಹೊರಗಿನಿಂದ ತರುವ ಗಾಳಿ. ಒಂದೇ ಅಳತೆಯ ಎರಡು ಆಫೀಸುಗಳಲ್ಲಿ, ಒಂದು ಉತ್ತರಕ್ಕೆ ಮುಖ ಮಾಡಿ ಮಧ್ಯದ ಫ್ಲೋರಿನಲ್ಲಿದ್ದು ಇನ್ನೊಂದು ಮೇಲಿನ ಫ್ಲೋರಿನಲ್ಲಿ ಪಶ್ಚಿಮದ ಗಾಜಿನ ಹಿಂದೆ ಇದ್ದರೆ, ಲೆಕ್ಕ ಒಂದೇ ಬರಲು ಸಾಧ್ಯವೇ ಇಲ್ಲ.

ಈ ಲೆಕ್ಕದ ಹಾಳೆಯನ್ನು ಕೇಳಿ ಪಡೆಯಿರಿ. ಎಷ್ಟು ಜನ, ಯಾವ ಗಾಜು, ಹೊರಗೆ ಎಷ್ಟು ಡಿಗ್ರಿ, ಒಳಗೆ ಎಷ್ಟು ಡಿಗ್ರಿ ಅಂತ ಇಟ್ಟುಕೊಂಡಿದ್ದಾರೆ ಎಂಬುದು ಅದರಲ್ಲಿ ಇರಲೇಬೇಕು. ಹಾಳೆ ಕೊಡಲು ಹಿಂದೆ ಮುಂದೆ ನೋಡುವ ಕಾಂಟ್ರಾಕ್ಟರ್ ಲೆಕ್ಕ ಮಾಡಿರುವುದಿಲ್ಲ.

ಸ್ವಲ್ಪ ಜಾಸ್ತಿ ಟನ್ ಹಾಕಿದರೆ ಸೇಫ್ ಅಲ್ವಾ?

ಅಲ್ಲ. ಯಂತ್ರ ದೊಡ್ಡದಾದರೆ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯಲ್ಲಿರುವ ತೇವ ತೆಗೆಯಲು ಎಸಿ ಒಂದೇ ಸಮನೆ ಓಡಬೇಕು. ಹಾಗೆ ಓಡದಿದ್ದರೆ ಮಳೆಗಾಲದಲ್ಲಿ ಒಳಗೆ ತಣ್ಣಗೆ, ಜೊತೆಗೆ ಅಂಟಂಟು. ಮಂಗಳೂರು, ಉಡುಪಿ, ಕಾರವಾರದಲ್ಲಿ ಇದು ದೊಡ್ಡ ತಲೆನೋವು. ಮೊದಲ ಖರ್ಚೂ ಜಾಸ್ತಿ, ಕೇಬಲ್ಲೂ ದಪ್ಪ ಬೇಕು, ಬೆಸ್ಕಾಂ ಲೋಡೂ ಜಾಸ್ತಿ ಬೇಕು.

ಸ್ಪ್ಲಿಟ್ ಹಾಕೋದಾ, ವಿಆರ್‌ಎಫ್ ಹಾಕೋದಾ, ಚಿಲ್ಲರ್ರಾ?

ನಾಲ್ಕೈದು ಕೋಣೆಯ ಸಣ್ಣ ಆಫೀಸಿಗೆ ಇನ್ವರ್ಟರ್ ಸ್ಪ್ಲಿಟ್, ಕ್ಯಾಸೆಟ್ (ಸೀಲಿಂಗಿನಲ್ಲಿ ಕೂರಿಸುವ ಯೂನಿಟ್) ಸಾಕು. ಕೆಟ್ಟರೆ ಒಂದು ಕೋಣೆ ಮಾತ್ರ ಕೆಡುತ್ತದೆ, ರಿಪೇರಿ ಮಾಡುವವರೂ ಬೀದಿಗೊಬ್ಬರು ಸಿಗುತ್ತಾರೆ. ಅದಕ್ಕಿಂತ ದೊಡ್ಡದಾದರೆ, ಕೆಲವು ಕೋಣೆ ಬೆಳಗ್ಗೆ ಮಾತ್ರ, ಕೆಲವು ರಾತ್ರಿ ಪಾಳಿಯಲ್ಲಿ ಮಾತ್ರ ಬಳಕೆ ಅಂತಿದ್ದರೆ ವಿಆರ್‌ಎಫ್ ಅನುಕೂಲ. ಒಂದೇ ಔಟ್‌ಡೋರಿಗೆ ಹಲವು ಇಂಡೋರ್ ಯೂನಿಟ್ ಸೇರಿಸಿ, ಬೇಕಾದಷ್ಟೇ ಗ್ಯಾಸ್ ಓಡಿಸುವ ವ್ಯವಸ್ಥೆ ಅದು. ವಿಆರ್‌ವಿ ಅಂತ ಹೇಳಿದರೂ ಅದೇ. ಡೈಕಿನ್ 1982ರಲ್ಲಿ ಆ ಹೆಸರಿನಲ್ಲಿ ತಂದಿತು, ಹೆಸರು ಅವರದ್ದಾದ್ದರಿಂದ ಉಳಿದ ಕಂಪನಿಗಳು ವಿಆರ್‌ಎಫ್ ಅನ್ನುತ್ತವೆ.

ಇಡೀ ದೊಡ್ಡ ಬಿಲ್ಡಿಂಗ್ ನಿಮ್ಮದೇ ಆಗಿದ್ದರೆ ಚಿಲ್ಲರ್, ಅಂದರೆ ನೀರನ್ನು ತಣ್ಣಗೆ ಮಾಡಿ ಬಿಲ್ಡಿಂಗ್ ಪೂರ್ತಿ ಓಡಿಸುವ ಯಂತ್ರ, ಯೋಚಿಸಬಹುದು. ಬೆಂಗಳೂರಿನಲ್ಲಿ ಒಂದು ಮಾತು ನೆನಪಿಡಿ. ವಾಟರ್ ಕೂಲ್ಡ್ ಚಿಲ್ಲರಿಗೆ ಕೂಲಿಂಗ್ ಟವರ್ ಬೇಕು, ಟವರಿಗೆ ದಿನಾ ನೀರು ಬೇಕು. ಬೋರ್‌ವೆಲ್ ನೀರು ಗಡುಸು, ಪೈಪಿನೊಳಗೆ ಬಿಳಿ ಪೊರೆ ಕಟ್ಟುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. 2024ರ ಬೇಸಿಗೆಯಲ್ಲಿ ಜಲಮಂಡಳಿ ಗಾಡಿ ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆಯಲ್ವಾ? ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರನ್ನು ಸರಿಯಾಗಿ ಶುದ್ಧ ಮಾಡಿ ಟವರಿಗೆ ಕೊಡುವ ಏರ್ಪಾಡು ಇಲ್ಲದಿದ್ದರೆ ಏರ್ ಕೂಲ್ಡ್ ಕಡೆಗೇ ಹೋಗಿ.

ಮೊದಲು ಬ್ರ್ಯಾಂಡ್ ನೋಡಬೇಕಾ, ಕಾಂಟ್ರಾಕ್ಟರನ್ನಾ?

ಕಾಂಟ್ರಾಕ್ಟರನ್ನು. ಡೈಕಿನ್, ಮಿತ್ಸುಬಿಷಿ, ಹಿಟಾಚಿ, ಬ್ಲೂ ಸ್ಟಾರ್, ವೋಲ್ಟಾಸ್, ಎಲ್‌ಜಿ ಯಾವುದೇ ಇರಲಿ, ಕಾರ್ಖಾನೆಯಿಂದ ಬರುವ ಪೆಟ್ಟಿಗೆ ಪರೀಕ್ಷೆಯಾಗಿಯೇ ಬರುತ್ತದೆ. ಅದನ್ನು ಜೋಡಿಸುವ ನೂರಾರು ಮೀಟರ್ ಕಾಪರ್ ಪೈಪ್, ಅದರ ಬೆಸುಗೆ, ಡ್ರೈನ್, ಡಕ್ಟ್, ವೈರಿಂಗ್ ಎಲ್ಲವೂ ನಿಮ್ಮ ಬಿಲ್ಡಿಂಗಿನಲ್ಲೇ, ಕಾಂಟ್ರಾಕ್ಟರನ ಹುಡುಗರ ಕೈಯಲ್ಲೇ ಆಗುವುದು. ಲೀಕು, ನೀರು ಸೋರುವುದು, ಒಂದು ಮೂಲೆ ಸೆಕೆ, ಇನ್ನೊಂದು ಮೂಲೆ ಚಳಿ, ಈ ದೂರುಗಳ ಬೇರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬ್ರ್ಯಾಂಡ್ ವಿಷಯದಲ್ಲಿ ಕೇಳಬೇಕಾದ್ದು ಎರಡೇ. ಈ ಕಾಂಟ್ರಾಕ್ಟರ್ ಆ ಕಂಪನಿಯ ಅಧಿಕೃತ ಡೀಲರಾ? ವಿಆರ್‌ಎಫ್ ಆದರೆ ಕಮಿಷನಿಂಗಿಗೆ (ಪರೀಕ್ಷಿಸಿ ಮೊದಲ ಸಲ ಚಾಲೂ ಮಾಡುವುದಕ್ಕೆ) ಕಂಪನಿಯ ಇಂಜಿನಿಯರ್ ಬಂದು ಸಹಿ ಹಾಕುತ್ತಾರಾ? ಇವೆರಡು ಇಲ್ಲದಿದ್ದರೆ ಮುಂದೆ ವಾರಂಟಿ ಕೇಳಿದಾಗ ಕಂಪನಿ ಕಾಂಟ್ರಾಕ್ಟರ್ ಕಡೆ ಕೈ ತೋರಿಸುತ್ತದೆ, ಕಾಂಟ್ರಾಕ್ಟರ್ ಕಂಪನಿ ಕಡೆ. ಊರು ಹುಬ್ಬಳ್ಳಿಯೋ ಕಲಬುರಗಿಯೋ ಆದರೆ ಸ್ಪೇರ್ ಪಾರ್ಟ್ ಎಲ್ಲಿಂದ ಬರಬೇಕು ಅಂತಲೂ ಕೇಳಿ. ಬೇಸಿಗೆಯಲ್ಲಿ ಒಂದು ಪಿಸಿಬಿಗೆ (ಎಸಿಯೊಳಗಿನ ಎಲೆಕ್ಟ್ರಾನಿಕ್ ಬೋರ್ಡು) ಬೆಂಗಳೂರಿನ ದಾರಿ ಕಾಯುವುದು ಸಣ್ಣ ಶಿಕ್ಷೆಯಲ್ಲ.

ಕೆಲಸ ಗೊತ್ತಿರೋರಾ ಇಲ್ವಾ ಅಂತ ನಮಗೆ ಹೇಗೆ ಗೊತ್ತಾಗುತ್ತೆ? ನಾವೇನು ಇಂಜಿನಿಯರ್ ಅಲ್ಲ.

ಇಂಜಿನಿಯರ್ ಆಗಬೇಕಿಲ್ಲ, ಎರಡು ಕಡೆ ಹೋಗಿ ನೋಡಿದರೆ ಸಾಕು.

ಒಂದು, ಅವರು ಮೂರ್ನಾಲ್ಕು ವರ್ಷದ ಹಿಂದೆ ಮುಗಿಸಿದ ಆಫೀಸು. ಕಳೆದ ತಿಂಗಳು ಮುಗಿಸಿದ್ದನ್ನು ಅವರೇ ಮುಂದೆ ನಿಂತು ತೋರಿಸುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಳೆಯದರಲ್ಲಿ ಸೀಲಿಂಗ್ ಮೇಲೆ ಹಳದಿ ಕಲೆ ಇದೆಯಾ ನೋಡಿ. ಅಲ್ಲಿನ ಅಡ್ಮಿನ್ ಹತ್ತಿರವೋ ಎಲೆಕ್ಟ್ರೀಷಿಯನ್ ಹತ್ತಿರವೋ ಐದು ನಿಮಿಷ ಮಾತಾಡಿ: ವರ್ಷಕ್ಕೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದೀರಿ, ಫೋನ್ ಮಾಡಿದರೆ ಯಾವಾಗ ಬರುತ್ತಾರೆ. ಎಸಿ ಗ್ಯಾಸ್ ಗಾಡಿಯ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಪ್ರತಿ ವರ್ಷ ತುಂಬಿಸುತ್ತಿದ್ದಾರೆ ಅಂದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕುವ ಕೆಲಸ ಯಾರೂ ಮಾಡಿಲ್ಲ.

ಇನ್ನೊಂದು, ಈಗ ಅವರ ಕೆಲಸ ನಡೆಯುತ್ತಿರುವ ಜಾಗ. ಹೇಳದೆ ಹೋಗಲು ಆದರೆ ಇನ್ನೂ ಒಳ್ಳೆಯದು. ಕಾಪರ್ ಪೈಪಿನ ತುದಿಗಳಿಗೆ ಕ್ಯಾಪ್ ಹಾಕಿದ್ದಾರಾ, ಬಾಯಿ ತೆರೆದು ಧೂಳಿನಲ್ಲಿ ಬಿದ್ದಿವೆಯಾ? ಬೆಸುಗೆ ಹಾಕುವಾಗ ಪಕ್ಕದಲ್ಲಿ ನೈಟ್ರೋಜನ್ ಸಿಲಿಂಡರ್ ಇದೆಯಾ? ಪೈಪಿನೊಳಗೆ ನೈಟ್ರೋಜನ್ ಹರಿಸುತ್ತಾ ಬೆಸುಗೆ ಹಾಕದಿದ್ದರೆ ಬಿಸಿಗೆ ಒಳಗೋಡೆ ಕಪ್ಪಗಾಗಿ ಪುಡಿ ಏಳುತ್ತದೆ. ಆ ಪುಡಿ ಹೋಗಿ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ, ಕಂಪ್ರೆಸರ್ ಫಿಲ್ಟರಿನಲ್ಲಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಬೆಸುಗೆ ಚೆಂದವೇ ಕಾಣುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಎರಡನೆಯದೋ ಮೂರನೆಯದೋ ಬೇಸಿಗೆಯಲ್ಲಿ, ಆ ಹೊತ್ತಿಗೆ ಬಿಲ್ ಪೂರ್ತಿ ಕೊಟ್ಟಾಗಿರುತ್ತದೆ. ಹುಡುಗರಲ್ಲಿ ಐಟಿಐಯಲ್ಲಿ ಎಸಿ ಟ್ರೇಡ್ ಓದಿದವರು ಎಷ್ಟು ಜನ ಇದ್ದಾರೆ ಅಂತಲೂ ಕೇಳಬಹುದು.

ಮೂರು ಕೊಟೇಶನ್ ಬಂದಿವೆ. ಒಂದಕ್ಕೊಂದು ಹೋಲಿಕೆಯೇ ಇಲ್ಲ. ಏನ್ ಮಾಡೋದು?

ಮೂವರೂ ಬೇರೆ ಬೇರೆ ಕೆಲಸಕ್ಕೆ ರೇಟ್ ಕೊಟ್ಟಿರುತ್ತಾರೆ, ಅದಕ್ಕೇ ಹಾಗೆ. ಒಬ್ಬರು ಡ್ರೈನ್ ಸೇರಿಸಿದ್ದಾರೆ, ಒಬ್ಬರು ಬಿಟ್ಟಿದ್ದಾರೆ. ಒಬ್ಬರು ಔಟ್‌ಡೋರ್ ಸ್ಟ್ಯಾಂಡ್, ಕ್ರೇನ್ ಬಾಡಿಗೆ ಹಾಕಿದ್ದಾರೆ, ಇನ್ನೊಬ್ಬರು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ "ಗ್ರಾಹಕರ ಜವಾಬ್ದಾರಿ" ಅಂದಿದ್ದಾರೆ. ಮೊದಲು ನೀವೇ ಒಂದು ಬಿಒಕ್ಯೂ (ಯಾವ ಸಾಮಾನು, ಯಾವ ಕೆಲಸ, ಎಷ್ಟು ಅನ್ನುವ ಪಟ್ಟಿ) ಮಾಡಿಸಿ ಮೂವರಿಗೂ ಅದನ್ನೇ ಕೊಡಿ. ಜಾಗ ದೊಡ್ಡದಾದರೆ ಇದಕ್ಕೆ ಒಬ್ಬ ಎಸಿ ಕನ್ಸಲ್ಟೆಂಟ್ ಹಿಡಿಯುವುದು ಖಂಡಿತ ಲಾಭ. ಅವರು ಯಾವ ಕಾಂಟ್ರಾಕ್ಟರಿಗೂ ಸೇರಿದವರಾಗಿರಬಾರದು, ಅಷ್ಟೇ.

ದುಡ್ಡು ಏರುವ ಜಾಗ ಕಾಪರ್ ಪೈಪ್. ಕೊಟೇಶನ್ನಿನಲ್ಲಿ 150 ಮೀಟರ್ ಅಂತ ಬರೆದು ಒಟ್ಟು ಮೊತ್ತ ಕಮ್ಮಿ ಕಾಣುವಂತೆ ಮಾಡುತ್ತಾರೆ. ಕೆಲಸ ಮುಗಿದಾಗ 240 ಮೀಟರ್ ಆಯಿತು ಅಂತ ಬಿಲ್ ಬರುತ್ತದೆ, ಅಷ್ಟು ಹೊತ್ತಿಗೆ ಪೈಪೆಲ್ಲ ಸೀಲಿಂಗಿನೊಳಗೆ. ಆದ್ದರಿಂದ ಮೀಟರ್ ದರ, ಪೈಪಿನ ದಪ್ಪ, ಇನ್ಸುಲೇಷನ್ನಿನ ದಪ್ಪ ಮತ್ತು ಜಾತಿ, ಇಷ್ಟೂ ಕೊಟೇಶನ್ನಿನಲ್ಲಿ ಇರಬೇಕು. ಡ್ರಾಯಿಂಗ್ ಮೇಲೆ ಪೈಪ್ ದಾರಿ ಗೆರೆ ಎಳೆಸಿ ಅಳತೆ ಹಾಕಿಸಿ. ಸೀಲಿಂಗ್ ಮುಚ್ಚುವ ಮುಂಚೆ ನಿಮ್ಮ ಕಡೆಯವರು, ಅವರ ಕಡೆಯವರು ಒಟ್ಟಿಗೆ ಟೇಪ್ ಹಿಡಿದು ಅಳೆದು ಒಂದು ಹಾಳೆಗೆ ಇಬ್ಬರೂ ಸಹಿ ಹಾಕಿ. ಇದೊಂದು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ತೆರಿಗೆ ಸಾಲನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆಯ ಫಾರ್ಮ್ಯಾಟ್ ಕಾಪಿ ಮಾಡಿ 28 ಅಂತಲೇ ಕಳಿಸಿದ್ದರೆ ತಿದ್ದಿಸಿ.

20 ಎಚ್‌ಪಿ ಅಂದರೆ 20 ಟನ್ ತಾನೇ?

ಅಲ್ಲವೇ ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಆಫೀಸುಗಳು ಏಪ್ರಿಲ್ ತಿಂಗಳಲ್ಲಿ ಬೆವರುತ್ತವೆ. ವಿಆರ್‌ಎಫ್ ಲೆಕ್ಕದಲ್ಲಿ 1 ಎಚ್‌ಪಿ ಅಂದರೆ ಸುಮಾರು 0.8 ಟನ್. 20 ಎಚ್‌ಪಿ ಔಟ್‌ಡೋರ್ ಕೊಡುವುದು 56 ಕಿಲೋವ್ಯಾಟ್, ಅಂದರೆ 16 ಟನ್. ಒಬ್ಬರು ಟನ್ನಿನಲ್ಲಿ, ಇನ್ನೊಬ್ಬರು ಎಚ್‌ಪಿಯಲ್ಲಿ ಕೊಟೇಶನ್ ಕೊಟ್ಟಿದ್ದರೆ ಎರಡನ್ನೂ ಕಿಲೋವ್ಯಾಟಿಗೆ ತಂದು ಹೋಲಿಸಿ.

ಇದರ ಪಕ್ಕದಲ್ಲೇ ಇನ್ನೊಂದು ವಿಷಯ. ಒಂದು ಔಟ್‌ಡೋರಿಗೆ ಅದರ ಶಕ್ತಿಗಿಂತ ಜಾಸ್ತಿ ಇಂಡೋರ್ ಸೇರಿಸಲು ಕಂಪನಿಗಳು ಬಿಡುತ್ತವೆ, ಸಾಮಾನ್ಯವಾಗಿ ಶೇಕಡಾ 130ರವರೆಗೆ. 20 ಎಚ್‌ಪಿ ಔಟ್‌ಡೋರಿಗೆ 26 ಎಚ್‌ಪಿ ಇಂಡೋರ್. ಎಲ್ಲ ಕೋಣೆ ಒಂದೇ ಹೊತ್ತಿಗೆ ಓಡದಿದ್ದರೆ ಇದು ಸರಿ. ಆದರೆ 60 ಜನರೂ ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಆರರವರೆಗೂ ಕೂರುವ ಒಂದೇ ಹಾಲ್ ಆದರೆ 130 ಹಾಕಿರುವುದು ಬರೀ ಕೊಟೇಶನ್ ಕಮ್ಮಿ ತೋರಿಸಲು. ಎಷ್ಟು ಶೇಕಡಾ ಹಾಕಿದ್ದೀರಿ, ಯಾಕೆ ಅಂತ ಬರಹದಲ್ಲಿ ಕೇಳಿ.

ಕಲಬುರಗಿ, ರಾಯಚೂರು ಕಡೆ ಇದೇ ಲೆಕ್ಕ ನಡೆಯುತ್ತಾ?

ನಡೆಯುವುದಿಲ್ಲ. ಕ್ಯಾಟಲಾಗಿನಲ್ಲಿ ಬರೆದ ಶಕ್ತಿ ಹೊರಗೆ 35 ಡಿಗ್ರಿ ಇದ್ದಾಗಿನದ್ದು. ಅಲ್ಲಿ ಬೇಸಿಗೆಯಲ್ಲಿ 40 ದಾಟುತ್ತದೆ, ಬಿಸಿಲು ಏರಿದಷ್ಟೂ ಯಂತ್ರದ ಶಕ್ತಿ ಇಳಿಯುತ್ತದೆ, ಅದೇ ಹೊತ್ತಿಗೆ ನಿಮ್ಮ ಅಗತ್ಯ ಏರುತ್ತದೆ. ನಿಮ್ಮೂರಿನ ಬಿಸಿಲಿನಲ್ಲಿ ಎಷ್ಟು ಕಿಲೋವ್ಯಾಟ್ ಕೊಡುತ್ತದೆ ಅಂತ ಕಂಪನಿಯ ಟೇಬಲ್ ತೋರಿಸಲು ಹೇಳಿ. ಕರಾವಳಿಯಲ್ಲಾದರೆ ಬೇರೆ ಚಿಂತೆ. ಉಪ್ಪಿನ ಗಾಳಿ ಔಟ್‌ಡೋರ್ ಕಾಯಿಲನ್ನು ತಿನ್ನುತ್ತದೆ, ಕೋಟಿಂಗ್ ಇರುವ ಕಾಯಿಲ್ ಕೇಳಿ, ಪೈಪಿಗೆ ಇನ್ಸುಲೇಷನ್ ದಪ್ಪ ಜಾಸ್ತಿ ಇರಲಿ. ಇಲ್ಲದಿದ್ದರೆ ಜೂನ್‌ನಲ್ಲಿ ಪೈಪೇ ಬೆವರಿ ಸೀಲಿಂಗ್ ಒದ್ದೆಯಾಗುತ್ತದೆ.

ಇಂಟೀರಿಯರ್ ಮಾಡೋರೇ ಎಸಿನೂ ಮಾಡ್ಕೊಡ್ತೀವಿ ಅಂತಾರೆ. ಒಪ್ಪಬಹುದಾ?

ಒಪ್ಪಬಹುದು, ಒಂದು ಷರತ್ತಿನ ಮೇಲೆ. ಎಸಿ ಕೆಲಸ ನಿಜವಾಗಿ ಯಾರು ಮಾಡುತ್ತಾರೆ ಅಂತ ಹೆಸರು ತಿಳಿಸಬೇಕು, ಅವರ ಹಳೆ ಕೆಲಸ ನೀವು ನೋಡಬೇಕು, ವಾರಂಟಿ ನಿಮ್ಮ ಹೆಸರಿಗೇ ಬರಬೇಕು. ಇಂಟೀರಿಯರ್‌ನವರಿಗೆ ಸೀಲಿಂಗ್ ಬೇಗ ಮುಚ್ಚುವ ಅವಸರ ಇರುತ್ತದೆ. ಎಸಿಯವರು ಪರೀಕ್ಷೆಗೆ ದಿನ ಕೇಳುತ್ತಾರೆ. ಇಬ್ಬರೂ ಒಂದೇ ಯಜಮಾನನ ಕೆಳಗಿದ್ದರೆ ಪರೀಕ್ಷೆಯೇ ಬಲಿಯಾಗುವುದು.

ಸೀಲಿಂಗ್ ಮುಚ್ಚುವ ಮುಂಚೆ ಏನೇನು ಪರೀಕ್ಷೆ ಮಾಡಿಸಬೇಕು?

ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಸೀಲಿಂಗ್ ಮುಚ್ಚಿದ ಮೇಲೆ ನಿಮ್ಮ ಹಿಡಿತದಲ್ಲಿ ಏನೂ ಉಳಿಯುವುದಿಲ್ಲ.

ಮೊದಲು ಪ್ರೆಶರ್ ಟೆಸ್ಟ್. ಪೈಪಿಗೆ ಒಣ ನೈಟ್ರೋಜನ್ ತುಂಬಿ, ಆರ್-410ಎ ಗ್ಯಾಸಿನ ವ್ಯವಸ್ಥೆಗೆ ಸಾಮಾನ್ಯವಾಗಿ 550ರಿಂದ 600 ಪಿಎಸ್‌ಐ ಒತ್ತಡದಲ್ಲಿ, 24 ಗಂಟೆ ಬಿಡಬೇಕು. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಒತ್ತಡವೇ ಕೊನೆಯ ಮಾತು. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಗೇಜಿನ ಫೋಟೋ ತೆಗೆಯಿರಿ, ದಿನಾಂಕ ಬರೆದ ಚೀಟಿ ಪಕ್ಕದಲ್ಲೇ ಇರಲಿ. ಬೆಳಗಿನ ಜಾವ ತಣ್ಣಗಿದ್ದಾಗ ಮುಳ್ಳು ಸ್ವಲ್ಪ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಈ ಒತ್ತಡದಲ್ಲಿ 1 ಡಿಗ್ರಿಗೆ ಸುಮಾರು 2 ಪಿಎಸ್‌ಐ ಬದಲಾಗುವುದು ಸಹಜ. 10 ಡಿಗ್ರಿ ವ್ಯತ್ಯಾಸಕ್ಕೆ 20 ಇಳಿದರೆ ಸರಿ, 60 ಇಳಿದರೆ ಲೀಕ್. ಗ್ಯಾಸನ್ನೇ ತುಂಬಿ ಲೀಕ್ ನೋಡುತ್ತೇವೆ ಅನ್ನುವವರಿಗೆ, ಗಾಳಿ ಕಂಪ್ರೆಸರಿನಿಂದ ಟೆಸ್ಟ್ ಮಾಡುತ್ತೇವೆ ಅನ್ನುವವರಿಗೆ ಬೇಡ ಅನ್ನಿ. ಆಮ್ಲಜನಕದ ಸಿಲಿಂಡರನ್ನಂತೂ ಹತ್ತಿರವೂ ಬಿಡಬೇಡಿ. ಎಣ್ಣೆ ಇರುವ ಪೈಪಿಗೆ ಅದು ಹೋದರೆ ಸ್ಫೋಟ ಆಗಬಹುದು.

ಆಮೇಲೆ ವ್ಯಾಕ್ಯೂಮ್. ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೆಯುವ ಕೆಲಸ. ಡಿಜಿಟಲ್ ಮೈಕ್ರಾನ್ ಗೇಜಿನಲ್ಲಿ 500 ಮೈಕ್ರಾನಿಗೆ ಇಳಿದು, ಪಂಪ್ ನಿಲ್ಲಿಸಿದ ಮೇಲೂ ಮೇಲೇರದೆ ನಿಲ್ಲಬೇಕು. ಸಾಧಾರಣ ಮುಳ್ಳಿನ ಗೇಜಿನಲ್ಲಿ ಇದು ಕಾಣುವುದೇ ಇಲ್ಲ. ಮೈಕ್ರಾನ್ ಗೇಜ್ ಇಲ್ಲದೆ ಬರುವ ತಂಡವನ್ನು ವಾಪಸ್ ಕಳಿಸಿದರೆ ತಪ್ಪಿಲ್ಲ.

ಗ್ಯಾಸ್ ತುಂಬುವಾಗ ತೂಕದ ಯಂತ್ರ ಇರಲೇಬೇಕು. ವಿಆರ್‌ಎಫ್‌ನಲ್ಲಿ ಪೈಪ್ ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವುದರ ಮೇಲೆ ಹೆಚ್ಚುವರಿ ಗ್ಯಾಸ್ ಇಷ್ಟು ಕಿಲೋ ಅಂತ ಲೆಕ್ಕ ಬರುತ್ತದೆ. ಆ ಲೆಕ್ಕವನ್ನು ಔಟ್‌ಡೋರ್ ಒಳಗೆ ಒಂದು ಸ್ಟಿಕ್ಕರ್ ಮೇಲೆ ಬರೆಸಿಡಿ. ಐದು ವರ್ಷದ ಮೇಲೆ ಬರುವ ಹುಡುಗನಿಗೆ ಅದೇ ದಾರಿ.

ನೀರು ಸೋರೋದು ತಪ್ಪಿಸೋದು ಹೇಗೆ?

ಡ್ರೈನ್ ಪೈಪಿಗೆ ಇಳಿಜಾರು ಕೊಟ್ಟರೆ ಸೋರುವುದಿಲ್ಲ. 100ಕ್ಕೆ 1, ಅಂದರೆ 10 ಮೀಟರ್ ಓಟಕ್ಕೆ 10 ಸೆಂಟಿಮೀಟರ್ ಇಳಿತ. ಸೀಲಿಂಗ್ ಎತ್ತರ ಸಾಲದು ಅಂತ ಸಮತಟ್ಟಾಗಿ ಎಳೆಯುತ್ತಾರೆ, ಮಧ್ಯದಲ್ಲಿ ಹ್ಯಾಂಗರ್ ದೂರ ದೂರ ಹಾಕಿ ಪೈಪ್ ಜೋತು ಬೀಳುತ್ತದೆ, ಅಲ್ಲೇ ನೀರು ನಿಂತು ಪಾಚಿ ಕಟ್ಟುತ್ತದೆ. ಪ್ರತಿ ಇಂಡೋರ್ ಟ್ರೇಗೂ ಬಕೆಟ್ ನೀರು ಸುರಿದು, ಆ ನೀರು ಕೊನೆಯಲ್ಲಿ ಹೊರಗೆ ಬರುವುದನ್ನು ಕಣ್ಣಾರೆ ನೋಡಿ. ಒಂದೆರಡು ಯೂನಿಟ್ ನೋಡಿ ಬಿಡಬೇಡಿ, ಎಲ್ಲವನ್ನೂ ನೋಡಿ.

ಫ್ರೆಶ್ ಏರ್ ಬೇಕಾ? ಕಾಂಟ್ರಾಕ್ಟರ್ ಬೇಡ ಅಂತಾರೆ.

ಬೇಕು. ಕ್ಯಾಸೆಟ್, ಸ್ಪ್ಲಿಟ್ ಯೂನಿಟ್‌ಗಳು ಒಳಗಿನ ಗಾಳಿಯನ್ನೇ ಸುತ್ತಿಸಿ ತಣ್ಣಗೆ ಮಾಡುತ್ತವೆ. ಹೊಸ ಗಾಳಿ ತರುವುದಿಲ್ಲ. ಗಾಜು ಮುಚ್ಚಿದ ಆಫೀಸಿನಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ತೂಕಡಿಸುವುದಕ್ಕೆ, ತಲೆ ಭಾರ ಅನ್ನುವುದಕ್ಕೆ ಊಟವನ್ನೇ ಬೈಯುತ್ತೇವೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರುವುದೂ ಒಂದು ಕಾರಣ ಇರಬಹುದು.

ಆಶ್ರೇ ಎಂಬ ಅಮೆರಿಕದ ಎಸಿ ಇಂಜಿನಿಯರುಗಳ ಸಂಘದ 62.1 ಮಾನದಂಡದ ಪ್ರಕಾರ ಆಫೀಸಿಗೆ ಒಬ್ಬರಿಗೆ 5 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಜೊತೆಗೆ ಚದರ ಅಡಿಗೆ 0.06 ಸಿಎಫ್‌ಎಂ. ನಮ್ಮ 6,000 ಚದರ ಅಡಿ, 60 ಜನರ ಉದಾಹರಣೆಯಲ್ಲಿ 300 ಮತ್ತು 360 ಸೇರಿ 660 ಸಿಎಫ್‌ಎಂ. ಇದನ್ನು ಕೈಬಿಟ್ಟರೆ ಕೊಟೇಶನ್ ಚೆನ್ನಾಗಿ ಇಳಿಯುತ್ತದೆ, ಅದಕ್ಕೇ ಬೇಡ ಅನ್ನುತ್ತಾರೆ. ದಿನಕ್ಕೆ ಎಂಟು ಒಂಬತ್ತು ಗಂಟೆ ಅಲ್ಲೇ ಉಸಿರಾಡುವ ಜನರ ವಿಷಯ ಇದು, ದಯವಿಟ್ಟು ಇಲ್ಲಿ ದುಡ್ಡು ಉಳಿಸಬೇಡಿ. ಒಂದು ಸಣ್ಣ ಸೂಚನೆ: ಗಾಳಿ ಎಳೆಯುವ ಕಿಂಡಿ ಟಾಯ್ಲೆಟ್ ಎಕ್ಸಾಸ್ಟ್, ಜನರೇಟರ್ ಹೊಗೆ, ಬೇಸ್‌ಮೆಂಟ್ ಪಾರ್ಕಿಂಗ್ ಹತ್ತಿರ ಇರಬಾರದು. ಫಿಲ್ಟರ್ ತೆಗೆದು ತೊಳೆಯಲು ಕೈ ಹೋಗುವ ಜಾಗವೂ ಇರಲಿ.

ಸರ್ವರ್ ರೂಮಿಗೆ ಇದೇ ಲೈನಿನಿಂದ ಒಂದು ಕ್ಯಾಸೆಟ್ ಹಾಕಿದ್ರೆ ಆಗಲ್ವಾ?

ಬೇಡ. ಸರ್ವರ್ ರೂಮ್ ಭಾನುವಾರ, ದೀಪಾವಳಿ, ನಡುರಾತ್ರಿ ಎಲ್ಲ ಹೊತ್ತೂ ಬಿಸಿಯಾಗುತ್ತಿರುತ್ತದೆ. ಒಂದು ಸಣ್ಣ ಕೋಣೆಗೋಸ್ಕರ ದೊಡ್ಡ ಔಟ್‌ಡೋರ್ ರಾತ್ರಿಯಿಡೀ ಓಡಬೇಕಾಗುತ್ತದೆ. ಅಲ್ಲಿಗೆ ಬೇರೆಯೇ ಎರಡು ಯೂನಿಟ್ ಹಾಕಿ, ಸರದಿಯಲ್ಲಿ ಓಡಲಿ, ಒಂದು ಕೆಟ್ಟರೆ ಇನ್ನೊಂದು ತಾನಾಗಿ ಹಿಡಿಯಲಿ. ರ‍್ಯಾಕ್ ಮೇಲೆ ನೇರವಾಗಿ ಡ್ರೈನ್ ಪೈಪ್ ಹೋಗದ ಹಾಗೆ ನೋಡಿಕೊಳ್ಳಿ.

ಔಟ್‌ಡೋರ್ ಎಲ್ಲಿ ಇಡಬೇಕು?

ಬಿಸಿಗಾಳಿ ಹೊರಗೆ ಹೋಗಿ ವಾಪಸ್ ಬರದ ಕಡೆ. ಬೆಂಗಳೂರಿನ ಎಷ್ಟೋ ಬಿಲ್ಡಿಂಗುಗಳಲ್ಲಿ ಪ್ರತಿ ಫ್ಲೋರಿನ ಔಟ್‌ಡೋರನ್ನೂ ಒಂದೇ ಕಿರಿದಾದ ಶಾಫ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿರುತ್ತಾರೆ. ಕೆಳಗಿನವರ ಬಿಸಿಗಾಳಿ ಮೇಲಿನವರ ಯಂತ್ರಕ್ಕೆ ಹೋಗುತ್ತದೆ, ಮೇಲಿನ ಫ್ಲೋರಿನವರಿಗೆ ಬಿಲ್ ಜಾಸ್ತಿ, ತಂಪು ಕಮ್ಮಿ. ತಾರಸಿ ಸಿಕ್ಕರೆ ತಾರಸಿಯೇ ಒಳ್ಳೆಯದು. ಆದರೆ ಕಂಪನಿ ಹೇಳಿದಷ್ಟು ಅಂತರ ಬಿಡಬೇಕು, ಸ್ಟ್ಯಾಂಡ್ ಕೂರಿಸುವಾಗ ವಾಟರ್‌ಪ್ರೂಫಿಂಗ್ ಒಡೆಯಬಾರದು, ಸರ್ವಿಸ್ ಹುಡುಗ ಪ್ರಾಣಭಯವಿಲ್ಲದೆ ಹೋಗಿ ನಿಲ್ಲುವಂತಿರಬೇಕು.

ಪಕ್ಕದಲ್ಲಿ ಮನೆಗಳಿದ್ದರೆ ಸದ್ದನ್ನೂ ಯೋಚಿಸಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಜಯನಗರ, ಇಂದಿರಾನಗರ, ಕೋರಮಂಗಲದಲ್ಲಿ ಮನೆ ಪಕ್ಕದಲ್ಲೇ ಆಫೀಸು ಇರುವುದು ಸಾಮಾನ್ಯ. ಪಕ್ಕದ ಮನೆಯ ಬೆಡ್‌ರೂಮ್ ಕಿಟಕಿಗೆ ಫ್ಯಾನ್ ಮುಖ ಮಾಡಿ ಇಡಬೇಡಿ.

ಕರೆಂಟ್ ವಿಷಯದಲ್ಲಿ ಏನು ನೋಡಬೇಕು?

ಆರ್ಡರ್ ಕೊಡುವ ಮುಂಚೆ ಬಿಲ್ಡಿಂಗಿನ ಮಂಜೂರಾದ ಲೋಡ್ ಎಷ್ಟು, ನಿಮ್ಮ ಫ್ಲೋರಿಗೆ ಎಷ್ಟು ಸಿಗುತ್ತದೆ ಅಂತ ಓನರ್ ಹತ್ತಿರ ಬರಹದಲ್ಲಿ ಪಡೆಯಿರಿ. ಎಸಿ ಬಂದು ಕೂತ ಮೇಲೆ ಲೋಡ್ ಸಾಲದು ಅಂತ ಗೊತ್ತಾದರೆ ಬೆಸ್ಕಾಂ ಅರ್ಜಿ, ಡೆಪಾಸಿಟ್ಟು, ಕೇಬಲ್ಲು ಅಂತ ತಿಂಗಳುಗಳು ಹೋಗುತ್ತವೆ. ಕರೆಂಟ್ ಹೋದಾಗ ಜನರೇಟರ್ ಮೇಲೆ ಎಸಿ ಓಡಬೇಕಾ, ಪೂರ್ತಿನಾ, ಅರ್ಧನಾ ಅಂತ ಮೊದಲೇ ತೀರ್ಮಾನಿಸಿ. ಕಾಂಟ್ರಾಕ್ಟರ್ ಕೆಲಸ ಯಂತ್ರದ ಪಕ್ಕದ ಸ್ವಿಚ್ಚಾದ ಐಸೊಲೇಟರ್‌ವರೆಗಾ, ಪ್ಯಾನೆಲ್‌ವರೆಗಾ ಅನ್ನುವುದೂ ಬಿಒಕ್ಯೂನಲ್ಲಿ ಸ್ಪಷ್ಟ ಇರಲಿ.

ನಾವು ಟೆಕ್ ಪಾರ್ಕಿನಲ್ಲಿದ್ದೀವಿ. ಚಿಲ್ಲರ್ ಓನರದ್ದು. ನಮಗೇನು ಕೆಲಸ?

ಅಲ್ಲಿ ಹೈ ಸೈಡ್ ಅಂದರೆ ಚಿಲ್ಲರ್, ಪಂಪ್, ಟವರ್ ಓನರದ್ದು. ಲೋ ಸೈಡ್ ಅಂದರೆ ನಿಮ್ಮ ಫ್ಲೋರಿನ ಡಕ್ಟ್, ಗ್ರಿಲ್, ಕೆಲವು ಕಡೆ ಎಎಚ್‌ಯು (ತಣ್ಣೀರಿನಿಂದ ಗಾಳಿ ತಣ್ಣಗೆ ಮಾಡಿ ಡಕ್ಟಿಗೆ ತಳ್ಳುವ ಯಂತ್ರ) ಕೂಡ ನಿಮ್ಮದು. ನಿಮ್ಮ ಫ್ಲೋರಿಗೆ ಎಷ್ಟು ಟನ್ ತಣ್ಣೀರು ಕೊಡುತ್ತಾರೆ, ಯಾವ ಹೊತ್ತಿನವರೆಗೆ ಕೊಡುತ್ತಾರೆ, ರಾತ್ರಿ ಪಾಳಿಗೆ ಬೇರೆ ರೇಟಾ, ಬಳಸಿದ ತಂಪನ್ನು ಅಳೆಯುವ ಬಿಟಿಯು ಮೀಟರ್ ಇದೆಯಾ, ಇವನ್ನು ಲೀಸ್ ಸಹಿ ಮಾಡುವ ಮುಂಚೆ ಕೇಳಬೇಕು. ಓನರ್ ಕಡೆಯವರಿಂದ ಡ್ರಾಯಿಂಗಿಗೆ ಒಪ್ಪಿಗೆ ಬೇಕು, ಬೆಂಕಿ ಅಲಾರಂ ಹೊಡೆದರೆ ಎಎಚ್‌ಯು ತಾನಾಗಿ ನಿಲ್ಲುವ ಜೋಡಣೆ ಬೇಕು. ಅಲ್ಲಿ ಕೆಲಸ ಮಾಡಿ ಗೊತ್ತಿರುವ ಕಾಂಟ್ರಾಕ್ಟರ್ ಆದರೆ ಈ ಓಡಾಟ ಅರ್ಧಕ್ಕರ್ಧ ಕಮ್ಮಿ. ಖಾಲಿ ಮಾಡುವಾಗ ಏನು ಬಿಚ್ಚಬೇಕು, ಏನು ಬಿಡಬೇಕು ಅಂತ ಲೀಸಿನಲ್ಲಿ ಓದಿಕೊಳ್ಳಿ.

ದುಡ್ಡು ಹೇಗೆ ಕೊಡಬೇಕು?

ಕೆಲಸದ ಹಂತಕ್ಕೆ ಕಟ್ಟಿ ಕೊಡಿ, ತಾರೀಖಿಗೆ ಕಟ್ಟಬೇಡಿ. ಸ್ವಲ್ಪ ಅಡ್ವಾನ್ಸ್, ಯಂತ್ರ ಸೈಟಿಗೆ ಬಂದು ಸೀರಿಯಲ್ ನಂಬರ್ ತಾಳೆ ನೋಡಿದ ಮೇಲೆ ದೊಡ್ಡ ಪಾಲು, ಪ್ರೆಶರ್ ಟೆಸ್ಟ್ ಮತ್ತು ಡ್ರೈನ್ ಟೆಸ್ಟ್ ಪಾಸಾದ ಮೇಲೆ ಒಂದು ಪಾಲು, ಕಮಿಷನಿಂಗ್ ಆದ ಮೇಲೆ ಒಂದು ಪಾಲು. ಕೊನೆಯ ಶೇಕಡಾ 5ರಿಂದ 10 ನಿಮ್ಮ ಹತ್ತಿರವೇ ಇರಲಿ, ಒಂದು ಬೇಸಿಗೆ ದಾಟಲಿ. ಡಿಸೆಂಬರಿನಲ್ಲಿ ಕಮಿಷನಿಂಗ್ ಮಾಡಿದ ಎಸಿ ಬೆಂಗಳೂರಿನಲ್ಲಿ ಎಲ್ಲರಿಗೂ ಪಾಸಾಗುತ್ತದೆ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಪರೀಕ್ಷೆ ಪಾಸಾದ ಮೇಲೆ ದುಡ್ಡು ಸುಮ್ನೆ ಎಳೆದಾಡಬೇಡಿ. ಒಳ್ಳೆಯ ಕಾಂಟ್ರಾಕ್ಟರುಗಳು ಸಣ್ಣ ಬಂಡವಾಳದವರು, ವಾರದ ಕೂಲಿ ಕೊಡಬೇಕಾದವರು. ಹೊತ್ತಿಗೆ ದುಡ್ಡು ಕೊಡುವ ಆಫೀಸಿಗೆ ಏಪ್ರಿಲ್‌ನಲ್ಲೂ ಹುಡುಗರು ಮೊದಲು ಬರುತ್ತಾರೆ.

ಕೆಲಸದ ಹುಡುಗರಿಗೆ ಏನಾದರೂ ಆದರೆ ನಮ್ಮ ಮೇಲೆ ಬರುತ್ತಾ?

ಬರಬಹುದು. ಇಎಸ್‌ಐ, ಪಿಎಫ್ ಕಟ್ಟಿದ ಚಲನ್, ಇಎಸ್‌ಐ ಇಲ್ಲದವರಿಗೆ ಅಪಘಾತ ವಿಮೆಯ ಪಾಲಿಸಿ ಕಾಪಿ ಪಡೆದೇ ಗೇಟ್ ಪಾಸ್ ಕೊಡಿ. ಇದನ್ನು ಬರೀ ಕಾಗದದ ವಿಷಯ ಅಂದುಕೊಳ್ಳಬೇಡಿ. ನಾಲ್ಕನೇ ಮಹಡಿಯ ಹೊರಗೋಡೆಯಲ್ಲಿ ಒಂದು ಕಾಲು ಸಜ್ಜದ ಮೇಲೆ ಇಟ್ಟು, ಬೆಲ್ಟ್ ಇಲ್ಲದೆ ಔಟ್‌ಡೋರ್ ಕೂರಿಸುವ ಹುಡುಗರನ್ನು ನಾವು ದಿನಾ ನೋಡುತ್ತೇವೆ. ಹಾರ್ನೆಸ್, ಸ್ಕ್ಯಾಫೋಲ್ಡಿಂಗ್ ಖರ್ಚನ್ನು ಬಿಒಕ್ಯೂನಲ್ಲೇ ಬೇರೆ ಸಾಲಾಗಿ ಹಾಕಿಸಿ, ಆಗ ಅದರಲ್ಲಿ ಯಾರೂ ಕಡಿತ ಮಾಡಲು ಬರುವುದಿಲ್ಲ. ಹಾರ್ನೆಸ್ ಇಲ್ಲದೆ ಹತ್ತಿದರೆ ಕೆಲಸ ನಿಲ್ಲಿಸುವ ಅಧಿಕಾರ ನಿಮ್ಮ ಸೆಕ್ಯುರಿಟಿಯವರಿಗೂ ಇರಲಿ.

ಎಎಂಸಿ ಯಾವುದು ತಗೋಬೇಕು?

ಎಎಂಸಿ ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಅದರಲ್ಲಿ ಎರಡು ಬಗೆ ಇದೆ. ಬರೀ ಸರ್ವಿಸ್ ಮತ್ತು ಕೂಲಿಯದ್ದು ಒಂದು. ಗ್ಯಾಸ್, ಪಿಸಿಬಿ, ಕಂಪ್ರೆಸರ್ ಎಲ್ಲ ಸೇರಿದ ಕಾಂಪ್ರಹೆನ್ಸಿವ್ ಇನ್ನೊಂದು. ವಾರಂಟಿ ಇರುವವರೆಗೆ ಮೊದಲನೆಯದು ಸಾಕು, ಆಮೇಲೆ ವಿಆರ್‌ಎಫ್‌ಗೆ ಎರಡನೆಯದು ನೆಮ್ಮದಿ. ಯಾವುದೇ ಆಗಲಿ, ವರ್ಷಕ್ಕೆ ಎಷ್ಟು ಸರ್ವಿಸ್, ಒಂದೊಂದರಲ್ಲಿ ಏನೇನು ಮಾಡುತ್ತಾರೆ, ದೂರು ಕೊಟ್ಟ ಎಷ್ಟು ಗಂಟೆಯಲ್ಲಿ ಬರುತ್ತಾರೆ ಅಂತ ಬರೆದಿರಬೇಕು. "ಕಾಂಪ್ರಹೆನ್ಸಿವ್" ಅಂತ ಮೇಲೆ ಬರೆದು ಕೆಳಗೆ "ಕಾಯಿಲ್, ಪಿಸಿಬಿ, ಗ್ಯಾಸ್ ಹೊರತುಪಡಿಸಿ" ಅಂತಿದ್ದರೆ ಅದಕ್ಕೆ ಆ ರೇಟ್ ಕೊಡಬೇಕಾಗಿಲ್ಲ. ಎಎಂಸಿ ರೇಟನ್ನು ಎಸಿ ಖರೀದಿ ಮಾತುಕತೆಯಲ್ಲೇ ಮುಂದಿನ ಮೂರ್ನಾಲ್ಕು ವರ್ಷಕ್ಕೆ ಬರೆಸಿಕೊಳ್ಳಿ. ಆ ಹೊತ್ತಿನಲ್ಲಿ ಸಿಗುವ ರೇಟ್ ಆಮೇಲೆ ಸಿಗುವುದಿಲ್ಲ.

ಹಳೇ ಆಫೀಸಿನ ಎಸಿಗಳನ್ನೇ ಬಿಚ್ಚಿ ತಂದು ಹಾಕಬಹುದಾ?

ಗ್ಯಾಸ್ ಯಾವುದು ಅಂತ ನೋಡಿ ಹೇಳಬೇಕು. ಆರ್-22 ಯಂತ್ರವಾದರೆ ತರಬೇಡಿ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ನಮ್ಮ ದೇಶ 2030ರ ಹೊತ್ತಿಗೆ ಬಹುತೇಕ ನಿಲ್ಲಿಸಬೇಕು, ಮುಂದೆ ಸಿಗುವುದು ಕಷ್ಟ. ಆರ್-410ಎ ಇನ್ನೂ ಕೆಲವು ವರ್ಷ ನಡೆಯುತ್ತದೆ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿನ ಸುಮಾರು 2,088 ಪಟ್ಟು. ಆರ್-32 ಆದರೆ 675. ಇಂಥ ಗ್ಯಾಸುಗಳನ್ನು ಕಮ್ಮಿ ಮಾಡುವ ಅಂತಾರಾಷ್ಟ್ರೀಯ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಒಪ್ಪಿದೆ, ಈ ಜಾತಿಯ ಗ್ಯಾಸುಗಳ ಕಡಿತ 2032ರಿಂದ ಶುರುವಾಗುತ್ತದೆ. ನಾಲ್ಕೈದು ವರ್ಷದೊಳಗಿನ ಇನ್ವರ್ಟರ್ ಸ್ಪ್ಲಿಟ್ ಆದರೆ ತರಬಹುದು. ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಔಟ್‌ಡೋರಿಗೆ ಎಳೆದುಕೊಂಡು ವಾಲ್ವ್ ಮುಚ್ಚಬೇಕು, ಹೊಸ ಜಾಗದಲ್ಲಿ ಹೊಸ ಕಾಪರ್ ಪೈಪ್ ಹಾಕಬೇಕು, ಮತ್ತೆ ಅದೇ ನೈಟ್ರೋಜನ್ ಟೆಸ್ಟ್, ವ್ಯಾಕ್ಯೂಮ್ ಆಗಬೇಕು. ಹಳೇ ವಿಆರ್‌ಎಫ್ ಆದರೆ ಕಂಪನಿಯ ಸರ್ವಿಸ್ ಇಂಜಿನಿಯರ್ ಬಂದು ನೋಡಿ ಹೂಂ ಅನ್ನುವವರೆಗೆ ಲಾರಿ ಕರೆಸಬೇಡಿ. ಬಿಚ್ಚಿ ಹಾಕುವ ಖರ್ಚು ಹೊಸದರ ಹತ್ತಿರ ಬಂದರೆ ಹಳೆಯದನ್ನು ಅಲ್ಲೇ ಕೊಟ್ಟು ಬನ್ನಿ.